ಒಂದು ಬಾಯಿಗೆ ಮೂರು ಶಿಫ್ಟ್

ನಮ್ಮ ಮನೆಯಲ್ಲಿ ಟೂತ್‌ಪೇಸ್ಟ್ ಕಳ್ಳತನವಾಗುತ್ತಿತ್ತು.

ನಗಬೇಡಿ. ಮಕ್ಕಳ ಪೇಸ್ಟಿನ ಪುಟ್ಟ ಟ್ಯೂಬು, ಸ್ಟ್ರಾಬೆರಿ ಫ್ಲೇವರ್, ಮೇಲೊಂದು ಹಲ್ಲು ಕಿರಿಯುವ ಮೊಲ. ತಿಂಗಳು ಪೂರ್ತಿ ಬರಬೇಕಾದದ್ದು ವಾರ ಕಳೆಯುವುದರೊಳಗೆ ಹಪ್ಪಳದಂತೆ ಚಪ್ಪಟೆಯಾಗಿ ಬಿದ್ದಿರುತ್ತಿತ್ತು. ನನ್ನ ಹೆಂಡತಿ ಸುಧಾಳಿಗೆ ನನ್ನ ಮೇಲೆ ಅನುಮಾನ. ನಿದ್ದೆಗಣ್ಣಿನಲ್ಲಿ ಅದನ್ನೇ ಶೇವಿಂಗ್ ಕ್ರೀಮ್ ಅಂದುಕೊಂಡು ಗಲ್ಲಕ್ಕೆ ಬಳಿದುಕೊಳ್ಳುತ್ತೇನಂತೆ. (ಒಂದೇ ಒಂದು ಸಲ ಹಾಗಾಗಿತ್ತು. ಸಂಜೆಯವರೆಗೂ ಗಲ್ಲ ಘಮಘಮ ಅನ್ನುತ್ತಿತ್ತು.) ನನಗೆ ಅಮ್ಮನ ಮೇಲೆ ಅನುಮಾನ. ದೇವರ ಮನೆಯ ಬೆಳ್ಳಿ ದೀಪ ಇತ್ತೀಚೆಗೆ ಯಾಕೋ ಅತಿಯಾಗಿ ಹೊಳೆಯುತ್ತಿತ್ತು. ಅಮ್ಮನಿಗೆ ಟ್ಯೂಬಿನ ಮೇಲೇ ಅನುಮಾನ.

"ಒಳಗೆ ಗಾಳಿ ತುಂಬ್ತಾರೆ ಕಣ್ಲಾ, ಚಿಪ್ಸ್ ಪ್ಯಾಕೆಟ್ ತರ."

ನಾಲ್ಕು ವರ್ಷದ ಮಗಳು ಚುಕ್ಕಿಯ ಮೇಲೆ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಯಾಕೆ ಬರಬೇಕು? ಬ್ರಷ್ ಕಂಡರೆ ಊರ ಮಕ್ಕಳೆಲ್ಲ ಮಂಚದ ಕೆಳಗೆ ನುಸುಳುತ್ತವೆ. ನಮ್ಮದು ತಾನೇ ಬ್ರಷ್ ಹಿಡಿದುಕೊಂಡು ಬಂದು "ಅಪ್ಪಾ, ನಂಗಿನ್ನೂ ಹಲ್ಲುಜ್ಜಿಲ್ಲ" ಅನ್ನುತ್ತಿತ್ತು. ಇಂಥ ಮಗು ಸಿಕ್ಕಿದರೆ ಯಾವ ಅಪ್ಪ ಸುಮ್ಮನಿರುತ್ತಾನೆ? ನಾನಂತೂ ಇರಲಿಲ್ಲ. ಕಂಪನಿ ಬಸ್ಸಿನಲ್ಲಿ ಪಕ್ಕ ಕೂತ ಮುರುಗನ್‌ಗೆ ಮಕ್ಕಳನ್ನು ಬೆಳೆಸುವ ಬಗ್ಗೆ ನಮ್ಮ ಆಲಸನತ್ತಂ ಸ್ಟಾಪಿನಿಂದ ಫ್ಯಾಕ್ಟರಿ ಗೇಟಿನವರೆಗೂ ಭಾಷಣ ಕೊಟ್ಟಿದ್ದೆ. ಅವನು ಪಾಪ, ಕಣ್ಣು ಮುಚ್ಚಿಕೊಂಡು ಕೇಳಿದ್ದ. (ನಿದ್ದೆ ಹೋಗಿದ್ದ ಅಂತ ಆಮೇಲೆ ಗೊತ್ತಾಯಿತು.)

ನಮ್ಮ ಮನೆಯ ಬೆಳಗು ಹೇಗಿರುತ್ತದೆಂದು ಸ್ವಲ್ಪ ಹೇಳಬೇಕು. ಮಾಲೂರು ಕಡೆಯಿಂದ ಹೊಸೂರಿಗೆ ಬಂದು ಫ್ಯಾಕ್ಟರಿ ಸೇರಿದ ಜನ ನಾವು. ನನ್ನದು ಕ್ವಾಲಿಟಿ ಡಿಪಾರ್ಟ್‌ಮೆಂಟು, ಹೆಚ್ಚಾಗಿ ನೈಟ್ ಶಿಫ್ಟು. ಸುಧಾಳದು ಇನ್ನೊಂದು ಕಂಪನಿಯಲ್ಲಿ ಜನರಲ್ ಶಿಫ್ಟು. ನಾನು ಬಸ್ ಇಳಿಯುವ ಹೊತ್ತಿಗೆ ಅವಳು ಬಸ್ ಹತ್ತುತ್ತಾಳೆ. ನಮ್ಮ ದಾಂಪತ್ಯದ ಮಾತುಕತೆಯೆಲ್ಲ ಆ ಬಸ್ ಸ್ಟಾಪಿನ ಮೂಲೆಯಲ್ಲೇ. "ಗ್ಯಾಸ್ ಮುಗೀತು ರೀ", "ಹಾಲು ಕಾಯಿಸಿದೀನಿ", "ಹುಷಾರು". ಅಷ್ಟೇ. ಮಗು ಹಲ್ಲುಜ್ಜಿತೋ ಇಲ್ಲವೋ ಅನ್ನುವುದು ಆ ಹ್ಯಾಂಡ್‌ಓವರ್‌ನಲ್ಲಿ ಇರುತ್ತಿರಲಿಲ್ಲ.

ಹೋದ ಭಾನುವಾರ ದೊಡ್ಡವರು ಮೂವರೂ ಒಟ್ಟಿಗೆ ಮನೆಯಲ್ಲಿದ್ದೆವು. ನಾನು ಕಾಫಿ ಕುಡಿಯುತ್ತಿದ್ದೆ. ಚುಕ್ಕಿ ಬ್ರಷ್ ಹಿಡಿದು ಬಂದಳು.

"ಅಪ್ಪಾ, ನಂಗಿನ್ನೂ ಹಲ್ಲುಜ್ಜಿಲ್ಲ."

"ಏಯ್, ಎದ್ದ ತಕ್ಷಣ ನಾನೇ ಪೇಸ್ಟ್ ಹಾಕ್ಕೊಟ್ಟೆನಲ್ಲೇ!" ಅಂದಳು ಸುಧಾ.

"ಅಯ್ಯೋ, ನನ್ ತಾವ್ಕೂ ಬಂದಿತ್ತು ಮಗ, ನಾನೂ ಹಾಕ್ಕೊಟ್ಟೆ" ಅಡುಗೆಮನೆಯಿಂದ ಅಮ್ಮ.

ಮೂವರೂ ಅವಳನ್ನೇ ನೋಡಿದೆವು. ಅವಳು ಬ್ರಷ್ಷನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

"ಹಾಕ್ಕೊಟ್ಟ ಪೇಸ್ಟೆಲ್ಲ ಎಲ್ಲಿ ಹೋಯ್ತು ಚುಕ್ಕಿ?"

ಹೊಟ್ಟೆ ಮುಟ್ಟಿ ತೋರಿಸಿದಳು. "ಇಲ್ಲೈತೆ."

"ಉಗೀಬೇಕು ಅಲ್ವಾ ಪುಟ್ಟಿ?"

"ಯಾಕೆ ಉಗೀಬೇಕು? ಚೆನ್ನಾಗೈತೆ."

ಉತ್ತರ ಕೊಡಿ ನೋಡೋಣ! ಸ್ಟ್ರಾಬೆರಿ ರುಚಿ, ಗುಲಾಬಿ ಬಣ್ಣ, ಮೇಲೆ ಮೊಲ. ಇಷ್ಟೆಲ್ಲ ಮಾಡಿ ಬಾಯಿಗೆ ಹಾಕಿ, ಕೊನೆಗೆ ಉಗಿ ಅನ್ನುವುದು ಯಾವ ನ್ಯಾಯ? ಮದುವೆ ಊಟದಲ್ಲಿ ಹೋಳಿಗೆ ಬಡಿಸಿ ಹಾಗೆ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ? ಅನುಮಾನ ಬಂದು ನಾನೂ ಒಂದು ಚೂರು ನೆಕ್ಕಿ ನೋಡಿದೆ. ಸುಳ್ಳೇಕೆ ಹೇಳಲಿ, ನಮ್ಮ ಕ್ಯಾಂಟೀನಿನ ಕೇಸರಿಬಾತಿಗಿಂತ ಚೆನ್ನಾಗಿತ್ತು. ಸುಧಾ ನೆಕ್ಕಿದಳು. ಅಮ್ಮನೂ ನೆಕ್ಕಿ, ಕಣ್ಣರಳಿಸಿ ತೀರ್ಪು ಕೊಟ್ಟಳು.

"ನಮ್ ಕಾಲ್ದಾಗೆ ಬೇವಿನ ಕಡ್ಡಿ. ಯಾವ ಮಗಾನೂ ಇನ್ನೊಂದ್ ಕಿತ ಕೊಡು ಅಂತ ಬತ್ತಿರ್ಲಿಲ್ಲ ಕಣ್ಲಾ."

ಆಗ ಒಂದೊಂದೇ ಹೊಳೆಯಿತು. ಬೆಳಗ್ಗೆ ಇಡ್ಲಿ ಮುಂದಿಟ್ಟರೆ "ಹೊಟ್ಟೆ ತೊಳಸ್ತೈತೆ" ಅನ್ನುತ್ತಿದ್ದಳು. ನಾವು ಇಡ್ಲಿಯನ್ನು ಬೈದಿದ್ದೆವು, ಹಿಟ್ಟನ್ನು ಬೈದಿದ್ದೆವು, ಗ್ರೈಂಡರನ್ನೂ ಬೈದಿದ್ದೆವು. ನನಗೆ ನಿಜವಾಗಿ ಭಯವಾಯಿತು. ಮಾರನೆಯ ದಿನವೇ ಹಲ್ಲಿನ ಡಾಕ್ಟರ ಹತ್ತಿರ ಓಡಿದೆವು. ಅಮ್ಮನೂ ಬಂದಳು. ಮೊಮ್ಮಗಳ ಕೇಸಿನಲ್ಲಿ ತಾನೂ ಆರೋಪಿ ಅಂತ ಅವಳಿಗೆ ಗೊತ್ತಿತ್ತು.

ಡಾಕ್ಟರಮ್ಮ ಪುಟ್ಟ ಕನ್ನಡಿ ಇಟ್ಟು ನೋಡಿದರು. ಹೊಟ್ಟೆಗೇನೂ ಅಪಾಯವಾಗಿಲ್ಲ, ಇನ್ನು ಮೇಲೆ ನುಂಗಲು ಬಿಡಬೇಡಿ ಅಂದರು. ಆದರೆ ಹಿಂದಿನ ದವಡೆ ಹಲ್ಲಿನಲ್ಲಿ ಕಂದು ಚುಕ್ಕೆ. ಹುಳುಕು ಶುರುವಾಗಿತ್ತು!

"ದಿನಕ್ಕೆ ಮೂರು ಸಲ ಉಜ್ಜಿದರೂ ಹುಳುಕಾ ಮೇಡಂ?" ಅಂದೆ. ನನಗೆ ಅವಮಾನವೇ ಆಗಿತ್ತು.

"ಇವಳ ಹಲ್ಲುಜ್ಜೋದು ಯಾರು?"

ಮೂವರೂ ಕೈ ಎತ್ತಿದೆವು.

"ಬ್ರಷ್ ಕೈಗೆ ಕೊಡೋದಲ್ಲ ಸರ್. ಕೂತು ಉಜ್ಜೋದು ಯಾರು?"

ಮೂರು ಕೈಗಳೂ ಇಳಿದವು.

ಪೇಸ್ಟ್ ಹಾಕಿ ಕೈಗೆ ಕೊಡುವುದು, "ಜಾಣೆ" ಅನ್ನುವುದು, ನಮ್ಮ ಕೆಲಸಕ್ಕೆ ನಾವು ಹೋಗುವುದು. ಅವಳು ಐಸ್‌ಕ್ಯಾಂಡಿಯಂತೆ ಚೀಪಿ ಮುಂದಿನ ಕೌಂಟರಿಗೆ ಹೋಗುವುದು. ಇಡೀ ರಾತ್ರಿ ಪಾರ್ಟುಗಳನ್ನು ತಿರುಗಿಸಿ ಮುರುಗಿಸಿ ನೋಡಿ ರಿಜೆಕ್ಟ್ ಮಾಡುವ ನಾನು ಮಗಳ ಬಾಯಿಯೊಳಗೆ ಒಂದು ದಿನವೂ ಇಣುಕಿರಲಿಲ್ಲ.

"ಹಾಲಲ್ಲು ತಾನೆ ತಾಯಿ, ಹೆಂಗೂ ಬಿದ್ದೋಗ್ತದೆ" ಅಂದಳು ಅಮ್ಮ.

"ಹಿಂದಿನವು ಬೀಳೋಕೆ ಇನ್ನೂ ವರ್ಷಗಟ್ಟಲೆ ಇದೆ ಅಜ್ಜಿ. ಅಲ್ಲೀತಂಕ ನೋವು ತಿನ್ನೋದು ಮಗು" ಅಂದರು ಡಾಕ್ಟರಮ್ಮ. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಹುಳುಕು ಚಿಕ್ಕದಿತ್ತು, ತುಂಬಿದರು. "ಅಳಬಾರದು, ಆಯ್ತಾ? ಅಪ್ಪ ಇಲ್ಲೇ ಇದೀನಿ" ಅಂತ ನಾನು ಕೈ ಹಿಡಿದಿದ್ದೆ. ಅಳಲಿಲ್ಲ ಹುಡುಗಿ. ಆಮೇಲೆ ಡಾಕ್ಟರಮ್ಮನ ಅಪ್ಪಣೆ: ಫ್ಲೋರೈಡ್ ಇರುವ ಪೇಸ್ಟೇ ಬೇಕು, ಆದರೆ ಮಿಠಾಯಿ ರುಚಿಯದು ಬೇಡ. ಬಟಾಣಿ ಕಾಳಿನಷ್ಟು ಸಾಕು. ಬೆಳಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಇನ್ನೂ ಮೂರ್ನಾಲ್ಕು ವರ್ಷ ದೊಡ್ಡವರೇ ಕೂತು ಉಜ್ಜಬೇಕು. ಟ್ಯೂಬು ಅವಳ ಕೈಗೆ ಎಟುಕಬಾರದು.

ಸರಿ, ಬಾಗಲೂರು ರೋಡಿನ ಅಂಗಡಿಗೆ ಹೋದೆ. ಮಕ್ಕಳ ಪೇಸ್ಟುಗಳದೇ ಒಂದು ಗೋಡೆ! ಮಾವು, ಬಬಲ್‌ಗಮ್, ಚಾಕೊಲೇಟು. ಹಲ್ಲು ಹಾಳುಮಾಡುವುದೆಲ್ಲ ಹಲ್ಲು ಕಾಪಾಡಲು ಬಂದು ನಿಂತಿತ್ತು. ಒಂದೊಂದನ್ನೂ ತೆಗೆದು, ಹಿಂದಿನ ಇರುವೆ ಗಾತ್ರದ ಅಕ್ಷರವನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿದೆ. ಅಂಗಡಿಯಾಕೆಗೆ ತಾಳ್ಮೆ ತಪ್ಪಿತು, ಅರ್ಧ ತಮಿಳಿನಲ್ಲಿ ಕೇಳಿಯೇಬಿಟ್ಟಳು.

"ಏನ್ ಸಾರ್, ಪೇಸ್ಟ್ ವಾಂಗ ಬಂದ್ರಾ, ಹೆಣ್ ನೋಡಕ್ಕೆ ಬಂದ್ರಾ?"

ಕೊನೆಗೆ ಸಪ್ಪೆ ಪುದೀನದ್ದೊಂದು ಆರಿಸಿದೆ. ಮೊಲವಿಲ್ಲ, ಗುಲಾಬಿಯಿಲ್ಲ. ಚುಕ್ಕಿ ನಾಲಿಗೆಗೆ ಮುಟ್ಟಿಸಿ "ಖಾರ!" ಅಂದಳು. ನುಂಗುವುದು ಅವತ್ತೇ ನಿಂತಿತು. ಗೆದ್ದೆ ಅಂತ ಬೀಗಿದೆ.

ಮಾರನೆಯ ಬೆಳಗ್ಗೆ ಶಿಫ್ಟ್ ಮುಗಿಸಿ ಬಂದು, ಹಲ್ಲುಜ್ಜಿದ್ದು ಯಾರು ಅಂತ ಚುಕ್ಕಿಯನ್ನು ಕೇಳಿದೆ. "ಅಮ್ಮ ಉಜ್ಜಿದ್ರು" ಅಂದಳು. ಫೋನ್ ಮಾಡಿದರೆ ಸುಧಾ, "ನೀವು ಬಂದು ಉಜ್ತೀರಂತೆ, ಹಂಗಂದ್ಳು" ಅಂದಳು. ಅಮ್ಮನಿಗೆ, "ಅವ್ರಿಬ್ರೂ ಉಜ್ಜಾಯ್ತು" ಅಂತ ವರದಿ ಹೋಗಿತ್ತು. ಮೂರು ಸಲದಿಂದ ಸೀದಾ ಸೊನ್ನೆಗೆ! ಅದೂ ಹೊಸದಾಗಿ ತುಂಬಿಸಿದ ಹಲ್ಲಿಟ್ಟುಕೊಂಡು.

ಸಂಜೆ ಸುಧಾ ಬಂದವಳು ಚಪ್ಪಲಿ ಬಿಡುವ ಮೊದಲೇ ಆರ್ಡರ್ ಮಾಡಿದಳು. "ಬೆಳಗ್ಗೆ ನೀವು, ರಾತ್ರಿ ನಾನು. ಅವಳನ್ನ ಕೇಳೋದೇ ಬೇಡ. ಬಾಯಿ ಬಿಡಿಸಿ, ನೋಡಿ, ಉಜ್ಜಿ."

ಈಗ ಅದೇ ನಡೆಯುತ್ತಿದೆ. ಸ್ಕೂಲ್ ವ್ಯಾನ್ ಬರುವ ಮುಂಚೆ ಮೆಟ್ಟಿಲ ಮೇಲೆ ಕೂರುತ್ತೇನೆ, ಅವಳನ್ನು ತೊಡೆ ಮೇಲೆ ಮಲಗಿಸಿಕೊಳ್ಳುತ್ತೇನೆ. ಎರಡು ದಿನ ಬೆರಳು ಕಚ್ಚಿದಳು. ಮೂರನೆಯ ದಿನ ರಾಜಿಗೆ ಬಂದಳು. ನಾನು ಅವಳದು ಉಜ್ಜಿದ ಮೇಲೆ ಅವಳು ನನ್ನದು ಉಜ್ಜಬೇಕಂತೆ. ಪಾಪ, ಮಗುವಿನ ಆಸೆ ಅಂತ ಒಪ್ಪಿ ಬಾಯಿ ತೆರೆದೆ.

ಡಾಕ್ಟರಮ್ಮನ ಹಾಗೇ ಕತ್ತು ಓರೆ ಮಾಡಿ ಒಳಗೆ ಇಣುಕಿದಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಅಜ್ಜೀ! ಅಪ್ಪನ ಬಾಯಾಗೂ ಕಪ್ ಐತೆ! ದೊಡ್ದು!"

ಅಮ್ಮ ಓಡಿ ಬಂದು ನೋಡಿದಳು. ಎದುರು ಮನೆಯವರು ಕಾಂಪೌಂಡಿನಿಂದಲೇ ನೋಡಿದರು. ನಾನು ಬಾಯಿ ಮುಚ್ಚಿದೆ. ತಡವಾಗಿತ್ತು. ಹಲ್ಲು ಕೊರೆಯುವ ಡ್ರಿಲ್ಲಿನ ಸದ್ದಿಗೆ ನಾನು ಹೆದರುತ್ತೇನೆ ಅನ್ನುವುದು ಇಷ್ಟು ವರ್ಷ ಸುಧಾಳಿಗೂ ಹೇಳದ ವಿಷಯ. ಚುಕ್ಕಿ ನನ್ನ ಗಲ್ಲ ಸವರಿದಳು.

"ಅಳಬಾರ್ದು, ಆಯ್ತಾ ಅಪ್ಪಾ?"

ಶನಿವಾರ ನನ್ನ ಅಪಾಯಿಂಟ್‌ಮೆಂಟು, ಅವತ್ತೇ ಅವಳಿಗೆ ಸ್ಕೂಲು. ಕೈ ಹಿಡಿದುಕೊಳ್ಳಲು ನಿಮ್ಮಲ್ಲಿ ಯಾರಾದರೂ ಬರುತ್ತೀರಾ?