ಹಂಚು ಬಡಿದು ಕೇಳುತ್ತಿದ್ದವರು

ಮನೆಯ ಮಾಡಿಗೆ ತಗಡಿನ ಶೀಟು ಹಾಕಿದರೆ ಕಡಲ ಗಾಳಿಗೆ ತುಕ್ಕು ಹಿಡಿಯಬಹುದಿತ್ತು. ಹಂಚು ಹೊದಿಸಿದರೆ ತೆಂಗಿನಕಾಯಿ ಬಿದ್ದು ಒಡೆಯಬಹುದಿತ್ತು. ಪಡುವಣ ಗೋಡೆಗೆ ಕಲ್ಲು ಅಂಟಿಸಿದರೆ ಅದರ ಹಿಂದೆ ನೀರಿಳಿದು ಪಾಚಿ ಬೆಳೆಯಬಹುದಿತ್ತು. ಇದನ್ನೆಲ್ಲ ಹೇಳತೊಡಗಿದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು. ಮಾಡಿನ ಕೆಲಸಕ್ಕೆ ಬಂದ ಮೇಸ್ತ್ರಿ ಮಾತ್ರ ಚಾ ಆರುವವರೆಗೂ ಕೇಳಿಸಿಕೊಂಡು, "ಅದು ನನ್ನ ಮಂಡೆಬಿಸಿ, ನಿಮ್ಮದಲ್ಲ" ಎನ್ನುತ್ತಿದ್ದರು.

ನಾನು ಹಂಪನಕಟ್ಟೆಯ ಅಂಗಡಿಯಿಂದ ಮಾದರಿಗೆಂದು ತಂದ ಶೀಟಿನ ತುಂಡನ್ನು ಅವರು ಮಧ್ಯಾಹ್ನದವರೆಗೆ ಅಂಗಳದ ಬಿಸಿಲಿನಲ್ಲಿಟ್ಟು, "ಮುಟ್ಟಿ ನೋಡಿ" ಎಂದರು. ಮುಟ್ಟಿ ಕೈ ಹಿಂದೆಗೆದೆ. ಹಂಚೇ ಆಗಲಿ ಎಂದು ತೀರ್ಮಾನವಾಯಿತು. ಬಂದರಿನಲ್ಲಿ ಕೆಡವಿದ ಗೋದಾಮಿನ ಹಳೆಯ ಹಂಚು ಬಂದು ಅಂಗಳದಲ್ಲಿ ಇಳಿಯಿತು.

"ಹಳತಲ್ವಾ, ಬಿರುಕು ಇದ್ರೆ?" ಎಂದೆ.

ಅವರು ಒಂದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿದರು. ಅದು ಗಂಟೆಯಂತೆ ನುಡಿಯಿತು. "ಬಿರುಕು ಇದ್ರೆ ಈ ಸ್ವರ ಬರುದಿಲ್ಲ. ಎಲ್ಲ ನೀವೇ ಬಡಿದು ನೋಡಿ ಮಾರಾಯ್ರೆ. ನಿಮ್ಮಷ್ಟು ಹೆದರುವವರು ಈ ಕೆಲಸಕ್ಕೆ ಬೇರೆ ಸಿಗುದಿಲ್ಲ."

ಮೂರು ದಿನ ಅವರ ಪಕ್ಕ ಕೂತು ಬಡಿದೆ. ನನ್ನ ಹೆದರಿಕೆ ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಮಳೆ ಹಿಡಿದ ಮೇಲೆ ಒಮ್ಮೆ ಅವರಿಗೆ ಫೋನ್ ಮಾಡಿದೆ.

"ಸೋರ್ತದಾ?"

"ಇಲ್ಲ."

"ಮತ್ತೆ ಎಂತಕ್ಕೆ ಫೋನು?"

ಬಂದು ಚಾ ಕುಡಿದು ಹೋಗಿ ಎನ್ನಲು ನಾಚಿಕೆಯಾಯಿತು. ಅದಾಗಿ ಎರಡು ಮಳೆಗಾಲ ಕಳೆದಿವೆ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಹನಿಯೂ ಸೋರದ ಕಾರಣ ಅವರು ಮತ್ತೆ ಬರಲಿಲ್ಲ, ಅಷ್ಟೇ.