ಹೂಂ ಅನ್ನದ ಕಥೆ

ಹಂಗಾರಕಟ್ಟೆಯಿಂದ ಕೊಕ್ಕರ್ಣೆಗೆ ದಿನಾ ಮೀನಿನ ಟೆಂಪೋ ಓಡಿಸುತ್ತಿದ್ದೆ. ಒಬ್ಬನೇ ಇದ್ದೂ ಇದ್ದೂ ಬೇಜಾರಾಗಿ ಮೊಬೈಲಿಗೆ ಹೆಣ್ಣಿನ ದನಿಯಲ್ಲಿ ಓದಿ ಹೇಳುವ ಕಾದಂಬರಿಯೊಂದನ್ನು ಹಾಕಿಸಿಕೊಂಡೆ. ರಾಜರ ಕಾಲದ ಮಾಟಗಾತಿಯರ ಕಥೆ. ವಾರ ಕಳೆದರೂ ಮಾಟವಿಲ್ಲ, ಮಂತ್ರವಿಲ್ಲ; ಮೂರು ಹೆಂಗಸರು ಕಾಡಿನಲ್ಲಿ ಸೌದೆ ಆರಿಸುತ್ತಲೇ ಇದ್ದರು.

ಒಂದು ದಿನ ಬ್ರಹ್ಮಾವರದಲ್ಲಿ ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಅಜ್ಜಿಯೊಬ್ಬರನ್ನು ಹತ್ತಿಸಿಕೊಂಡೆ. ಸ್ವಲ್ಪ ದೂರ ಆ ಕಥೆ ಕೇಳಿದವರು ನನಗೇ ಬೈದರು.

"ಎಂತ ಮಗಾ, ಆ ಹೆಣ್ಣ್ ಆಗಳಿಂದ ಕಥಿ ಹೇಳ್ತಾ ಇತ್ತ್, ನೀ ಒಂದ್ ಹೂಂ ಸೈತ ಅಂತಿಲ್ಯಲ್ಲ! ಹೂಂ ಅನ್ದಿರೆ ಕಥಿ ಮುಂದ್ ಹೋಪ್ದ್ ಹ್ಯಾಂಗೆ?"

"ಅದ್ ಮೊಬೈಲ್ ಅಜ್ಜಿ, ಅದ್ಕ್ ನಮ್ಮ್ ಹೂಂ ಕೇಂತಿಲ್ಲೆ."

"ನಂಗ್ ಕಥಿ ಕೇಣತ್ತಲ್ಲ!" ಅಂದವರೇ ಕೊಕ್ಕರ್ಣೆಯವರೆಗೂ ಮಾತುಮಾತಿಗೆ ಹೂಂಗುಟ್ಟಿದರು. ಅವರ ಹೂಂ ಜೊತೆ ಕೇಳುವಾಗ ಆ ಸೌದೆ ಆರಿಸುವುದೂ ನನಗೆ ಚಂದವೇ ಅನ್ನಿಸಿತು.

ಅವರು ಇಳಿದ ಮೇಲೆ ವಾಪಸು ಬರುತ್ತಾ, ಪಕ್ಕದ ಖಾಲಿ ಸೀಟು ನೋಡಿ ನಾನೇ ಒಂದೆರಡು ಸಲ ಹೂಂ ಅಂದೆ. ಕಥೆಯ ಆ ಹೆಂಗಸರು ಒಂದು ಕಡ್ಡಿಯನ್ನೂ ಹೆಚ್ಚಿಗೆ ಎತ್ತಲಿಲ್ಲ. ಒಬ್ಬನೇ ಕೂತು ಹೇಳುವ ಹೂಂ ಮಾಟಗಾತಿಯರಿಗೂ ತಾಗುವುದಿಲ್ಲ ಅಂತ ಕಾಣುತ್ತದೆ.