ಸ್ನಾರ್ಕೆಲ್ ಎಂದರೆ ಮೂಗು

ಮೊನ್ನೆ ಮಗಳು ಇಲ್ಲಿ ಗಲ್ಫ್‌ನ ಮತ್ರಾ ಪೇಟೆಯಿಂದ ಒಂದು ಸ್ನಾರ್ಕೆಲ್ ತಂದಳು. ಆ ಕೊಳವೆ ಬಾಯಲ್ಲಿ ಕಚ್ಚಿ ಉಸಿರಾಡುತ್ತ, ಕಾಲೇಜಿನ ಗೆಳತಿಯರ ಜೊತೆ ಸಮುದ್ರದಲ್ಲಿ ಮುಖ ಮುಳುಗಿಸಿ ಮೀನು ನೋಡಬೇಕಂತೆ. ಕವರ್ ಹರಿದದ್ದೇ ತಡ, ಹೊಸ ರಬ್ಬರಿನ ವಾಸನೆ ಹಾಲ್ ತುಂಬ ಹರಡಿತು. ನನಗೆ ಮಾತ್ರ ನಮ್ಮ ಹಳೆಯ ಬಿಲ್ಡಿಂಗಿನ ಎದುರುಮನೆ ಅಂಕಲ್ ನೆನಪಾದರು...

ಉಡುಪಿ ಕಡೆಯವರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ರುಸೈಲ್‌ನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ನಾನು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಕೊಂಡ ಹೊಸತರಲ್ಲಿ, ಅದಕ್ಕೊಂದು ಸ್ನಾರ್ಕೆಲ್ ಹಾಕಿಕೊಡಿ ಎಂದು ಅವರಿಗೆ ದುಂಬಾಲು ಬಿದ್ದೆ. ಬಾನೆಟ್ ಪಕ್ಕದಿಂದ ಚಾವಣಿಯವರೆಗೆ ಏರುವ ಆ ಕರಿ ಕೊಳವೆ ಇದ್ದರೆ ಇಂಜಿನ್ನಿಗೆ ನೀರು ನುಗ್ಗುವುದಿಲ್ಲ. ನಿಜ ಹೇಳಬೇಕೆಂದರೆ, ನನಗೆ ಬೇಕಾಗಿದ್ದದ್ದು ಅದರ ಗತ್ತು.

ಹಾಕುವಾಗ ಅವರು ಆ ಪದದ ಕಥೆ ಹೇಳಿದರು. ಗ್ಯಾರೇಜಿಗೆ ಬರುತ್ತಿದ್ದ ಜರ್ಮನ್ ಇಂಜಿನಿಯರೊಬ್ಬರು ಅವರಿಗೆ ಹೇಳಿದ್ದಂತೆ. ಜರ್ಮನ್ ನಾವಿಕರ ಆಡುಮಾತಿನಲ್ಲಿ ಅದು ಮೂಗು. ಗೊರಕೆಗೆ ಅವರು ಹೇಳುವ ಪದಕ್ಕೂ ಇದಕ್ಕೂ ನಂಟು. ನೀರಿನಡಿಯ ಸಬ್‌ಮರೀನ್ ಇಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆಗೆ ಮೊದಲು ಆ ಹೆಸರಿಟ್ಟರು. ಆಮೇಲೆ ಈಜುವವರ ಬಾಯಿಗೆ ಬಂತು, ಕೊನೆಗೆ ನಮ್ಮ ಗಾಡಿಗೆ.

"ಹೆಸರು ಸರಿಯೇ ಉಂಟು ಮಾರಾಯ್ರೆ," ಅಂದರು. "ಇದು ಬರೀ ಮೂಗು. ಗಾಡಿಯನ್ನು ದೋಣಿ ಮಾಡುವುದಿಲ್ಲ."

ನಾನು ನಕ್ಕುಬಿಟ್ಟೆ.

ಅದೇ ವರ್ಷ ಒಂದು ಶುಕ್ರವಾರ ಸುವೈಕ್‌ನಿಂದ ಮರಳುತ್ತಿದ್ದೆವು. ಪಕ್ಕದ ಸೀಟಿನಲ್ಲಿ ಅಂಕಲ್, ಹಿಂದೆ ನನ್ನ ಹೆಂಡತಿ ಮತ್ತು ಏಳು ವರ್ಷದ ಮಗಳು. ಎಲ್ಲೋ ಬೆಟ್ಟದಲ್ಲಿ ಸುರಿದ ಮಳೆಗೆ, ಇಲ್ಲಿಯವರು ವಾದಿ ಎನ್ನುವ ಒಣಹೊಳೆ ತುಂಬಿ, ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಊರಿನವರು ಗಾಡಿ ನಿಲ್ಲಿಸಿ, ಚಾಪೆ ಹಾಸಿ, ಕಾಫಿ ಕುಡಿಯುತ್ತ ಆರಾಮಾಗಿ ಕೂತಿದ್ದರು. ನೀರು ಇಳಿಯುವವರೆಗೆ ಕಾಯುವುದೇ ಅಲ್ಲಿನ ವಾಡಿಕೆ. ಸ್ನಾರ್ಕೆಲ್ ಇರುವಾಗ ಕಾಯುವುದೇನು ಎಂದು ನಾನು ಗೇರ್ ಹಾಕಿದೆ. ಅಂಕಲ್ ಕೈಚಾಚಿ ಇಂಜಿನ್ ಆರಿಸಿ, ಕೀ ಕಿತ್ತು ಜೇಬಿಗೆ ಹಾಕಿಕೊಂಡರು.

ನನಗೆ ರೇಗಿಹೋಯಿತು. "ನನ್ನ ಗಾಡಿ, ನನ್ನ ಸಂಸಾರ. ನೀವು ಬರೀ ಮೆಕ್ಯಾನಿಕ್ಕು, ನಿಮ್ಮ ಲಿಮಿಟ್ಟಲ್ಲಿರಿ!" ಎಂದು ಕಿರುಚಿದೆ.

"ಮೆಕ್ಯಾನಿಕ್ ಆದ್ದರಿಂದಲೇ ಹೇಳುವುದು," ಅಂದರು ಮೆಲ್ಲಗೆ. "ಇಂಜಿನ್ ಉಸಿರಾಡ್ತದೆ. ಗಾಡಿ ತೇಲಿ ಹೋಗ್ತದೆ."

ಸ್ವಲ್ಪ ಹೊತ್ತಿಗೆ, ಅಂಥದೇ ಕೊಳವೆಯಿದ್ದ ಇನ್ನೊಂದು ಗಾಡಿ ನೀರಿಗೆ ಇಳಿಯಿತು. ನಡುವೆ ಚಕ್ರ ನೆಲ ಬಿಟ್ಟು, ಅಡ್ಡ ತಿರುಗಿ, ಬಂಡೆಗಳ ಕಡೆ ಜಾರಿತು. ದಡದವರು ಹಗ್ಗ ಎಸೆದು ಒಳಗಿದ್ದ ಇಬ್ಬರನ್ನು ಎಳೆದುಕೊಂಡರು. ಸಂಜೆ ನೀರಿಳಿದಾಗ ಅಂಕಲ್ ಕೀ ಕೊಟ್ಟು, "ಯಲ್ಲಾ, ಹೋಗುವ," ಅಂದರು, ಅಷ್ಟೇ. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಂಥ ನಾಳೆಗಳು ಎಷ್ಟೋ ಹೋದವು... ಅವರು ಕೆಲಸ ಬಿಟ್ಟು ಊರಿಗೆ ಹೋದರು. ಎರಡು ವರ್ಷದ ಮೇಲೆ, ಹಾರ್ಟ್ ಅಟ್ಯಾಕಿನಲ್ಲಿ ತೀರಿಕೊಂಡರೆಂದು ಸುದ್ದಿ ಬಂತು.

ಮೊನ್ನೆ ಮಗಳಿಗೆ ಇಷ್ಟನ್ನೂ ಹೇಳಿದೆ, ನಾನು ಕಿರುಚಿದ್ದೊಂದನ್ನು ಬಿಟ್ಟು. ವಾದಿ, ಹಗ್ಗ, ತೇಲಿದ ಗಾಡಿ, ಯಾವುದೂ ಅವಳಿಗೆ ನೆನಪಿರಲಿಲ್ಲ.

"ನೀವು ಆ ಅಂಕಲ್‌ಗೆ ತುಂಬಾ ಬೈದ್ರಿ ಅಲ್ವಾ ಅಪ್ಪಾ?" ಅಂದಳು. "ಅದು ಮಾತ್ರ ನೆನಪಿದೆ."